ಡ್ರಮ್ ಕೋರ್ ಆಡಿಷನ್ ಕೈತಪ್ಪಿದ ಮೇಲೆ: ಕಾರಣ ಕೈಯೋ, ಎದೆಯೋ, ಎಣಿಕೆಯೋ?

ಮಂಗಳವಾರ ಸಂಜೆ ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಮೊಬೈಲ್‌ನಲ್ಲಿ ಪತ್ರ ಓದಿದಳು. ನಾಲ್ಕೇ ಸಾಲು: ಬಂದದ್ದಕ್ಕೆ ಧನ್ಯವಾದ, ಈ ಬಾರಿ ಸ್ಥಾನ ಕೊಡಲು ಆಗುತ್ತಿಲ್ಲ, ಅಭ್ಯಾಸ ಬಿಡಬೇಡಿ, ಮುಂದಿನ ವರ್ಷ ಮತ್ತೆ ಬನ್ನಿ. ಮೊಬೈಲನ್ನು ಕವುಚಿಟ್ಟು, ಒಗ್ಗರಣೆಗೆಂದು ತೆಗೆದಿಟ್ಟಿದ್ದ ಕರಿಬೇವಿನ ಕಡ್ಡಿ ಎತ್ತಿಕೊಂಡು ಎಲೆ ಬಿಡಿಸತೊಡಗಿದಳು. ಬೇಕಾಗಿದ್ದದ್ದು ಹತ್ತು ಎಲೆ. ಅವಳು ಇಡೀ ಕಟ್ಟನ್ನು ಬಿಡಿಸಿ ಮುಗಿಸಿದಳು. ನಾನು ತಡೆಯಲಿಲ್ಲ.

ಆಗ ಅವಳಿಗೆ ಹದಿನೇಳು. ಆರು ವರ್ಷ ಸ್ನೇರ್ ಡ್ರಮ್ (ಎರಡು ಕೋಲುಗಳಿಂದ ಬಾರಿಸುವ ಚಿಕ್ಕ ಡ್ರಮ್) ಕಲಿತಿದ್ದಳು. ತನ್ನ ಗುರುಗಳು ಹಿಂದೆ ಬಾರಿಸಿದ್ದ ಕೋರ್‌ಗೇ ಸೇರಬೇಕೆಂಬ ಹಟಕ್ಕೆ ಸ್ಯಾನ್ ಹೊಸೆಯಿಂದ ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ ಆರು ಗಂಟೆಯ ದಾರಿ ಹೋಗಿ ಬಂದಿದ್ದೆವು. ಆ ವರ್ಷವೂ ಅದರ ಮುಂದಿನ ವರ್ಷವೂ ನಾವು ತಡಕಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಕನ್ನಡ ಮನೆಗಳ ಮಕ್ಕಳು ಶಾಲೆಯ ಮಾರ್ಚಿಂಗ್ ಬ್ಯಾಂಡ್ ಸೇರುವುದು ಈಗ ಹೊಸತೇನಲ್ಲ. ಆದರೆ ಆಯ್ಕೆಯಾಗದೆ ಮನೆಗೆ ಬಂದ ಮಗುವಿನ ಮುಂದೆ ಯಾವ ಯಾವ ದಾರಿಗಳಿವೆ, ಯಾವುದು ಯಾರಿಗೆ ಹೊಂದುತ್ತದೆ ಎಂದು ಕೂತು ಹೇಳುವವರು ಆಗ ನಮಗೆ ಸಿಕ್ಕಿರಲಿಲ್ಲ.

ಊರಿನಲ್ಲಿರುವ ಬಂಧುಗಳಿಗೂ ಅರ್ಥವಾಗಲೆಂದು ಒಂದೆರಡು ಮಾತು. ಡ್ರಮ್ ಕೋರ್ ಎಂದರೆ ಹಿತ್ತಾಳೆಯ ಊದುವಾದ್ಯದವರು, ತಾಳವಾದ್ಯದವರು, ಬಾವುಟ, ಮರದ ರೈಫಲ್ ಮತ್ತು ಕತ್ತಿ ಹಿಡಿದು ಕುಣಿಯುವ ಕಲರ್ ಗಾರ್ಡ್‌ನವರು ಸೇರಿದ ಸುಮಾರು ನೂರೈವತ್ತು ಮಂದಿ ಯುವಕ ಯುವತಿಯರ ತಂಡ. ಫುಟ್‌ಬಾಲ್ ಮೈದಾನದ ಮೇಲೆ ನಡೆಯುತ್ತ, ಓಡುತ್ತ, ಹತ್ತು ಹನ್ನೆರಡು ನಿಮಿಷಗಳ ಒಂದೇ ಪ್ರದರ್ಶನವನ್ನು ಇಡೀ ಬೇಸಿಗೆ ತಿದ್ದಿ ತೀಡಿ ಊರೂರಿನಲ್ಲಿ ತೋರಿಸುತ್ತಾರೆ. ಇವುಗಳ ಒಕ್ಕೂಟವಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. 2009ರಿಂದೀಚೆಗೆ ಆಗಸ್ಟ್‌ನ ಅಂತಿಮ ಸ್ಪರ್ಧೆ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ನಡೆಯುತ್ತ ಬಂದಿದೆ. ನಮ್ಮ ಕಡೆಯ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್, ಕಾಂಕರ್ಡ್‌ನ ಬ್ಲೂ ಡೆವಿಲ್ಸ್, ಒಹಾಯೊದ ಬ್ಲೂಕೋಟ್ಸ್, ದಕ್ಷಿಣ ಕೆರೊಲಿನಾದ ಕೆರೊಲಿನಾ ಕ್ರೌನ್ ಇವೆಲ್ಲ ಅಲ್ಲಿನ ದೊಡ್ಡ ಹೆಸರುಗಳು. ಆಯ್ಕೆ ಬಹುಪಾಲು ನವೆಂಬರ್‌ನಿಂದ ಜನವರಿಯವರೆಗಿನ ವಾರಾಂತ್ಯದ ಕ್ಯಾಂಪುಗಳಲ್ಲಿ ಆಗುತ್ತದೆ. ಅದಕ್ಕೂ ಮೊದಲು ವಿಡಿಯೊ ಕಳುಹಿಸುವ ಸುತ್ತು ಇರುವುದೂ ಉಂಟು.

ಮೊದಲ ವಾರ: ಮಾತೋ, ಮೌನವೋ, ಬರವಣಿಗೆಯೋ

ನಿರಾಸೆಯ ಮೊದಲ ಕೆಲವು ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂರು ಬಗೆಯ ಉಪಾಯಗಳು ನಡೆದವು. ಅವುಗಳಲ್ಲಿ ಅತ್ಯಂತ ಕೆಟ್ಟದ್ದು ನನ್ನದೇ. 'ಹೋಗಲಿ ಬಿಡು, ಎಷ್ಟೋ ಮಕ್ಕಳಿಗೆ ಆಗುವುದಿಲ್ಲ' ಎಂದೆ. ಪ್ರೀತಿಯಿಂದಲೇ ಹೇಳಿದ್ದೆ. ಆದರೆ ಒಂದು ವಸ್ತುವಿಗಾಗಿ ಆರು ವರ್ಷ ಬೆರಳಿನ ಚರ್ಮ ಸುಲಿಸಿಕೊಂಡವಳಿಗೆ 'ಬಿಡು' ಎಂಬ ಮಾತು ಆ ವಸ್ತುವನ್ನೇ ಹಗುರ ಮಾಡಿತು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಮಾತಿಗಿಂತ ಮೌನ ಮೇಲು, ಆದರೆ ಪಕ್ಕದಲ್ಲಿ ಕೂತ ಮೌನ. ನನ್ನ ಗಂಡ ಎರಡು ಸಂಜೆ ಅವಳ ಜೊತೆ ಸುಮ್ಮನೆ ನಡೆದು ಬಂದರು, ಅಷ್ಟೇ. ಅದು ಕೆಲಸಮಾಡಿತು. ಕೋಣೆಯೊಳಗೆ ಒಬ್ಬಳೇ ಮೊಬೈಲ್ ಹಿಡಿದು ಕೂರುವ ಮೌನ ಬೇರೆ. ಆ ವಾರ ಆಯ್ಕೆಯಾದವರೆಲ್ಲ ಸಹಿ ಹಾಕಿದ ಒಪ್ಪಂದದ ಚಿತ್ರಗಳನ್ನು ಹಾಕಿರುತ್ತಾರೆ. ಅವರ ಸಂತೋಷ ನ್ಯಾಯವಾದದ್ದೇ. ಆದರೂ ಹತ್ತು ದಿನದ ಮಟ್ಟಿಗೆ ಆ ಖಾತೆಗಳನ್ನು ಮರೆಮಾಡಿ ಇಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಮಾತು ಬಾರದ ಮಕ್ಕಳಿಗೆ ಬರವಣಿಗೆ ಒಳ್ಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಮಾಡಿದ ಪ್ರಯೋಗಗಳ ರೀತಿ ಸರಳ: ಸತತ ಮೂರು ನಾಲ್ಕು ದಿನ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಮನಸ್ಸನ್ನು ಕಲಕಿದ ಸಂಗತಿಯ ಬಗ್ಗೆ ವ್ಯಾಕರಣ, ಅಕ್ಷರ ನೋಡದೆ ಬರೆಯುವುದು. ಬರೆಯುವಾಗ ದುಃಖ ಮೊದಲು ಹೆಚ್ಚುತ್ತದೆ ಎಂಬುದನ್ನು ತಿಳಿದಿರಬೇಕು. ಮಗಳು ಎರಡು ದಿನ ಬರೆದು ನಿಲ್ಲಿಸಿದಳು. ಅವಳ ಸ್ವಭಾವಕ್ಕೆ ಅದು ಒಗ್ಗಲಿಲ್ಲ. ಅವಳ ಗೆಳತಿಯೊಬ್ಬಳಿಗೆ, ಮೆಲೊಫೋನ್ ಎಂಬ ಹಿತ್ತಾಳೆ ವಾದ್ಯ ಊದುವ ಹುಡುಗಿಗೆ, ಅದೇ ಊರುಗೋಲಾಯಿತು.

ನಮ್ಮ ಮನೆಯಲ್ಲಿ ಗಾಳಿ ತಿರುಗಿದ್ದು ನಾಲ್ಕನೆಯ ದಿನ, ನನ್ನ ತಂದೆಯ ಫೋನಿನಿಂದ. ಅವರು ಸಿದ್ದಾಪುರದ ಕಡೆಯವರು, ನಿವೃತ್ತ ಮೇಷ್ಟ್ರು. ಹರೆಯದಲ್ಲಿ ಊರಿನ ಯಕ್ಷಗಾನಕ್ಕೆ ಮದ್ದಳೆ ಬಾರಿಸಿದವರು. ಸಮಾಧಾನದ ಒಂದು ಮಾತೂ ಆಡಲಿಲ್ಲ. 'ಯಾವ ಪೆಟ್ಟು ತಪ್ಪಿತು, ಮಗಳೇ?' ಎಂದು ಕೇಳಿದರು.

ಅವಳು ಮೊದಲು ಸುಮ್ಮನಿದ್ದಳು. ಆಮೇಲೆ ಊಟದ ಮೇಜಿನ ಮೇಲೆ ಎರಡು ಪೆನ್ಸಿಲ್ ಹಿಡಿದು ಬಾರಿಸಿ ತೋರಿಸಿದಳು: ಇಲ್ಲಿಯವರೆಗೆ ಸರಿ ಇತ್ತು ಅಜ್ಜ, ಇಲ್ಲಿ ವೇಗ ಏರಿತು, ಇಲ್ಲಿ ನನ್ನ ಕಾಲು ಒಂದು ಕಡೆ, ಕೈ ಒಂದು ಕಡೆ. 'ಹಾಗಾದರೆ ಕಾಲ ಓಡಿದೆ. ಕೈ ಕೆಟ್ಟಿಲ್ಲ' ಎಂದರು ಅವರು. ಕಾಲ ಎಂದರೆ ಲಯದ ವೇಗ. ಅರ್ಧ ಗಂಟೆ ಇಬ್ಬರೂ ಅದನ್ನೇ ಮಾತಾಡಿದರು. ಅವಳನ್ನು ಸೋತ ಮಗುವೆಂದು ನೋಡದೆ ವಾದ್ಯಗಾರ್ತಿಯೆಂದು ನೋಡಿದ ಮೊದಲ ಮನುಷ್ಯ ಅವರೇ ಎಂದು ನನಗೆ ಆಮೇಲೆ ಹೊಳೆಯಿತು.

ಇದಕ್ಕೂ ಒಂದು ಎಲ್ಲೆ ಇದೆ. ಎರಡು ವಾರ ಕಳೆದರೂ ನಿದ್ದೆ, ಊಟ ಹಳಿಗೆ ಬಾರದಿದ್ದರೆ, ಶಾಲೆಗೆ ಹೋಗುವುದೇ ಬೇಡವೆನಿಸಿದರೆ, ಬದುಕಿನ ಬಗ್ಗೆಯೇ ಬೇಸರದ ಮಾತು ಬಂದರೆ ಮನೆಮದ್ದು ಸಾಲದು. ಶಾಲೆಯ ಆಪ್ತಸಮಾಲೋಚಕರು ಮತ್ತು ವೈದ್ಯರು ಇದ್ದಾರೆ. ಅಮೆರಿಕದಲ್ಲಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶ ಕಳುಹಿಸಬಹುದು. 'ಬರೀ ಒಂದು ಡ್ರಮ್ಮಿಗಾಗಿ' ಎಂದು ದಯವಿಟ್ಟು ಅನ್ನಬೇಡಿ.

ಕಾರಣವನ್ನು ಬೇರ್ಪಡಿಸುವುದು

ಮುಂದಿನ ದಾರಿ ಆರಿಸುವುದಕ್ಕೆ ಮೊದಲು ಅಜ್ಜನ ಪ್ರಶ್ನೆಗೆ ಉತ್ತರ ಬೇಕು. ನಾನು ಕಂಡಂತೆ ಆಯ್ಕೆಯಾಗದಿರುವುದಕ್ಕೆ ಮೂರು ಕಾರಣಗಳು. ಕೈ: ಕೇಳಿದ್ದನ್ನು ಬಾರಿಸುವ ಸಾಮರ್ಥ್ಯ ಇನ್ನೂ ಬಂದಿಲ್ಲ. ಎದೆ: ಸಾಮರ್ಥ್ಯವಿದೆ, ಅಳುಕಿನಿಂದ ಅಲ್ಲಿ ಹೊರಬರಲಿಲ್ಲ. ಎಣಿಕೆ: ಎರಡೂ ಸರಿ ಇದ್ದವು, ಖಾಲಿ ಜಾಗ ಇರಲಿಲ್ಲ. ಒಬ್ಬರಲ್ಲೇ ಇವು ಬೆರೆತಿರುತ್ತವೆ, ಆದರೆ ಯಾವುದೋ ಒಂದು ಮುಂದಿರುತ್ತದೆ. ಇದನ್ನು ನೋಡದೆ ದಾರಿ ಹಿಡಿದರೆ, ಎದೆಯ ತೊಂದರೆಗೆ ಇನ್ನೂ ನಾಲ್ಕು ಗಂಟೆ ಅಭ್ಯಾಸ ಸೇರಿಸುವಂಥ ವ್ಯರ್ಥ ಶ್ರಮವಾಗುತ್ತದೆ. ನಾವು ಮೊದಲು ಮಾಡಿದ್ದು ಅದನ್ನೇ.

ಎಣಿಕೆಯನ್ನು ತಿಳಿಯುವುದು ಸುಲಭ. ಸ್ನೇರ್ ಸಾಲಿನಲ್ಲಿ ಎಂಟರಿಂದ ಹತ್ತು ಮಂದಿ, ಹಲವು ಡ್ರಮ್‌ಗಳನ್ನು ಒಟ್ಟಿಗೆ ಹೊರುವ ಟೆನರ್‌ಗೆ ನಾಲ್ಕೈದು, ತಗ್ಗುದನಿಯ ಬಾಸ್ ಡ್ರಮ್‌ಗೆ ಸಾಮಾನ್ಯವಾಗಿ ಐದು. ನಮ್ಮ ಮಗಳು ಹೋದ ವರ್ಷ ಒಂಬತ್ತು ಸ್ನೇರ್‌ಗಳಲ್ಲಿ ಆರು ಮಂದಿ ಹಳಬರೇ ಮರಳಿದ್ದರು. ಮೂರು ಜಾಗಕ್ಕೆ ಹತ್ತಾರು ಮಕ್ಕಳು. ಅಲ್ಲಿ ಕೊನೆಯ ಸುತ್ತಿನವರೆಗೆ ಉಳಿದದ್ದೇ ಒಂದು ಅಂಕಪಟ್ಟಿ. ಹಿತ್ತಾಳೆಯ ವಿಭಾಗದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜಾಗಗಳಿರುವುದರಿಂದ ಕಹಳೆಯವರಿಗೆ ಎಣಿಕೆಯ ಹೊಡೆತ ಇಷ್ಟು ಕಠಿಣವಲ್ಲ.

ಕೈ ಮತ್ತು ಎದೆಯನ್ನು ಬೇರ್ಪಡಿಸಲು ನಮಗೆ ನೆರವಾದದ್ದು ಒಂದು ಚಿಕ್ಕ ಪರೀಕ್ಷೆ. ಮನೆಯಲ್ಲಿ, ಕೈ ಕಾಯಿಸಿಕೊಂಡ ಮೇಲೆ, ಆಡಿಷನ್‌ಗೆ ಕೊಟ್ಟಿದ್ದ ಅದೇ ಪಾಠವನ್ನು ಮೊಬೈಲ್ ಎದುರು ಒಂದೇ ಒಂದು ಬಾರಿ ಬಾರಿಸುವುದು. ಎರಡನೆಯ ಅವಕಾಶವಿಲ್ಲ. ಪಾದಗಳೂ ಚಿತ್ರದಲ್ಲಿ ಕಾಣಬೇಕು, ಏಕೆಂದರೆ ಕ್ಯಾಂಪಿನಲ್ಲಿ ನಿಂತಲ್ಲೇ ಹೆಜ್ಜೆ ಹಾಕುತ್ತ ಬಾರಿಸಬೇಕು. ಆ ಮೊದಲ ಯತ್ನವೇ ಕುಂಟಿದರೆ ಕಾರಣ ಕೈ. ಅಭ್ಯಾಸದ ಕೋಣೆಯಲ್ಲಿ ಇಪ್ಪತ್ತನೆಯ ಯತ್ನದಲ್ಲಿ ಬಂದದ್ದನ್ನು ನಾವು 'ಬರುತ್ತದೆ' ಎಂದು ಲೆಕ್ಕ ಹಾಕಿಕೊಂಡಿರುತ್ತೇವೆ. ಬೋಧಕರು ಕೇಳುವುದು ಮೊದಲನೆಯ ಯತ್ನವನ್ನು. ಮನೆಯ ಮೊದಲ ಯತ್ನ ಚೆನ್ನಾಗಿದ್ದು ಅಲ್ಲಿ ಮಾತ್ರ ಕೆಟ್ಟಿದ್ದರೆ ಕಾರಣ ಎದೆ.

ಇನ್ನೊಂದು ಮೂಲ ಬೋಧಕರು. ಒಂದು ವಾರ ಕಳೆದ ಮೇಲೆ ಮಗುವೇ, ತಾಯಿ ತಂದೆಯಲ್ಲ, ಮೂರು ಸಾಲಿನ ಪತ್ರ ಬರೆಯಬೇಕು: ಅವಕಾಶಕ್ಕೆ ಧನ್ಯವಾದ; ನಾನು ಮೊದಲು ತಿದ್ದಿಕೊಳ್ಳಬೇಕಾದ ಒಂದು ಅಂಶ ಯಾವುದು; ಬೇರೆ ವಾದ್ಯವೋ ಬೇರೆ ವರ್ಗವೋ ನನಗೆ ಹೊಂದೀತೇ. 'ನನ್ನನ್ನು ಏಕೆ ತೆಗೆದುಕೊಳ್ಳಲಿಲ್ಲ' ಎಂದು ಕೇಳಿದರೆ ಬರುವುದು ವಿನಯದ ಎರಡು ಮಾತು. 'ಒಂದು ಅಂಶ' ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಮಗಳಿಗೆ ಬಂದ ಉತ್ತರ ಅಜ್ಜನ ಮಾತೇ ಆಗಿತ್ತು: ನಿಮಿಷಕ್ಕೆ 160 ತಾಳ ದಾಟಿದ ಕೂಡಲೇ ಪಾದ ಮತ್ತು ಕೈ ಅಗಲುತ್ತಿವೆ. ಮನೆಯಲ್ಲಿ 170ರಲ್ಲೂ ಅವು ಅಗಲುತ್ತಿರಲಿಲ್ಲ.

ಅಳುಕಿಗೆ ಯಾವ ಮದ್ದು

ಉದ್ದದ ಸಾಲಿನಲ್ಲಿ ನಿಂತು, ಒಬ್ಬೊಬ್ಬರಾಗಿ ಬಾರಿಸುತ್ತ ಸರದಿ ತನ್ನತ್ತ ಬರುವ ಆ ಅರ್ಧ ನಿಮಿಷದಲ್ಲಿ ಮೈಯೊಳಗೆ ಅಡ್ರಿನಲಿನ್ ಏರುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ, ಹಿಡಿತ ಬಿಗಿಯುತ್ತದೆ. ಬಿಗಿದ ಹಿಡಿತದಲ್ಲಿ ಕೋಲು ಪುಟಿಯುವುದಿಲ್ಲ. ಜೋಡಿಪೆಟ್ಟಿನ ಎರಡನೆಯದು ಸಾಯುತ್ತದೆ. ಎದೆಬಡಿತ ಏರಿದಾಗ ಸರಿಯಾದ ಕಾಲವೂ ನಿಧಾನವೆನಿಸಿ ಕೈ ಮುಂದೋಡುತ್ತದೆ. ಊದುವವರಿಗೆ ಉಸಿರು ಮೇಲೆದೆಯಲ್ಲೇ ನಿಲ್ಲುತ್ತದೆ, ಬಾಯಿ ಒಣಗುತ್ತದೆ. ರೈಫಲ್ ಎಸೆಯುವವರಿಗೆ ಎಸೆತ ಎತ್ತರ ತಪ್ಪುತ್ತದೆ.

ಆಡಿಷನ್ ನಾಳೆಯೇ ಇದ್ದರೆ ಎರಡು ಉಪಾಯಗಳಷ್ಟೇ ಉಪಯೋಗಕ್ಕೆ ಬರುತ್ತವೆ. ಒಂದು ಉಸಿರು: ನಾಲ್ಕು ಎಣಿಸುತ್ತ ಒಳಗೆ, ಎಂಟು ಎಣಿಸುತ್ತ ಹೊರಗೆ. ನಿಶ್ವಾಸ ಉದ್ದವಾದಾಗ ಹೃದಯದ ಬಡಿತ ಇಳಿಯುತ್ತದೆ. ತಾಳದವರಿಗೆ ಎಣಿಕೆ ಹೇಳಿಕೊಡಬೇಕಾಗಿಲ್ಲ, ಹೀಗಾಗಿ ಬೇಗ ರೂಢಿಯಾಗುತ್ತದೆ. ಎರಡನೆಯದು ಅಳುಕಿಗೆ ಬೇರೆ ಹೆಸರು ಕೊಡುವುದು. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾತನಾಡಿದರು. ಬಡಿಯುತ್ತಿರುವ ಎದೆಗೆ ಶಾಂತವಾಗು ಎಂದರೆ ಅದು ನಂಬುವುದಿಲ್ಲ. ಹುರುಪು ಎಂದರೆ ನಂಬುತ್ತದೆ. ನನ್ನ ಅನುಭವದಲ್ಲಿ ಉಸಿರು ಸರದಿಗೆ ಹತ್ತು ನಿಮಿಷ ಮುಂಚೆ ಚೆನ್ನ, ಈ ಹೆಸರು ಬದಲಾವಣೆ ಕೊನೆಯ ಒಂದು ನಿಮಿಷಕ್ಕೆ ಚೆನ್ನ. ಬೆಳಗಿನ ಕಾಫಿಯನ್ನು ಅಂದು ಅರ್ಧ ಲೋಟಕ್ಕೆ ಇಳಿಸಬೇಕು, ಪೂರ್ತಿ ಬಿಡಿಸಬಾರದು. ದಿನವೂ ಕುಡಿಯುವವರಿಗೆ ಬಿಟ್ಟರೆ ತಲೆನೋವು. ತಣ್ಣಗಿನ ವ್ಯಾಯಾಮಶಾಲೆಗೆ ಕೈಗವಸು ಒಯ್ಯಿರಿ.

ಗುಳಿಗೆಯ ಬಗ್ಗೆ ಕೇಳುವ ಪೋಷಕರಿದ್ದಾರೆ, ಆದ್ದರಿಂದ ಹೇಳುತ್ತೇನೆ. ಪ್ರೊಪ್ರನಲಾಲ್ ಎಂಬ ಔಷಧವನ್ನು ಆರ್ಕೆಸ್ಟ್ರಾ ವಾದಕರಲ್ಲಿ ಕೆಲವರು ಕೈ ನಡುಕಕ್ಕೆ ತೆಗೆದುಕೊಳ್ಳುತ್ತಾರೆ. ಅದು ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದ ಔಷಧ. ಆಸ್ತಮಾ ಇರುವವರಿಗೆ ಅಪಾಯಕಾರಿ. ಸ್ನೇಹಿತರ ಜೇಬಿನಿಂದ ಒಂದು ಗುಳಿಗೆ ಇಸಿದುಕೊಳ್ಳುವುದಂತೂ ಕೂಡದು. ಅದೂ ಅಲ್ಲದೆ ಡ್ರಮ್ ಕೋರ್‌ನಲ್ಲಿ ಬಾರಿಸುವುದು ಕುರ್ಚಿಯ ಮೇಲೆ ಕೂತಲ್ಲ. ಬಿಸಿಲಲ್ಲಿ ಓಡುವ ಮೈಗೆ ಹೃದಯ ವೇಗವಾಗಿ ಬಡಿಯಲೇಬೇಕು. ಹದಿಹರೆಯದವರಿಗೆ ನಾನು ಇದನ್ನು ಒಪ್ಪುವುದಿಲ್ಲ.

ಕೈಯಲ್ಲಿ ಒಂದೆರಡು ತಿಂಗಳಿದ್ದರೆ ಇವೆಲ್ಲವುಗಳಿಗಿಂತ ಎಷ್ಟೋ ಮಿಗಿಲಾದದ್ದು ಅಣಕು ಆಡಿಷನ್. ಅಳುಕು ಒಳಗಿಂದ ಹೋಗುವುದಿಲ್ಲ, ಪರಿಚಯವಾಗಿ ಹಳೆಯದಾಗುತ್ತದೆ. ನಾವು ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ಮನೆಯವರ ಮುಂದೆ, ಸೋಫಾದಲ್ಲಿ ಸಾಲಾಗಿ ಕೂತು, ನಗದೆ, ಮಾತಾಡದೆ. ಆಮೇಲೆ ಬ್ಯಾಂಡಿನ ಗೆಳೆಯರ ಮುಂದೆ, ಅವಳ ಮುಖದಿಂದ ಎರಡು ಅಡಿ ದೂರದಲ್ಲಿ ಒಬ್ಬರು ಕಾಗದ ಹಿಡಿದು ಬರೆಯುತ್ತ ನಿಂತಂತೆ. ಆಮೇಲೆ ತಾಳ ಎಣಿಸುವ ಯಂತ್ರವಾದ ಮೆಟ್ರೊನೋಮ್‌ನ ವೇಗವನ್ನು ಹೇಳದೆ ಬದಲಿಸುವುದು. ಕೊನೆಗೆ ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಒಂದು ಪ್ಯಾಡ್ (ಅಭ್ಯಾಸಕ್ಕೆ ಬಾರಿಸುವ ರಬ್ಬರ್ ಹಲಗೆ) ಇಟ್ಟು ನಾಲ್ಕು ನಿಮಿಷ ಒಬ್ಬಳೇ ಬಾರಿಸಿದಳು. ನೂರಕ್ಕೂ ಹೆಚ್ಚು ಮಂದಿ, ಹೋಳಿಗೆಯ ಸಾಲಿನ ಸದ್ದು, ಅಳುವ ಮಗು, ಕೈಕೊಟ್ಟ ಮೈಕು. ಇಷ್ಟೆಲ್ಲದರ ನಡುವೆ ಕಾಲ ಓಡಲಿಲ್ಲ. ಅಂದು ಅವಳ ಮುಖ ನೋಡಿದಾಗ ನನಗೆ ಕಣ್ಣು ತುಂಬಿತು.

ಅಣಕು ಆಡಿಷನ್‌ನಲ್ಲಿ ತಪ್ಪಾದರೆ ನಿಲ್ಲಿಸದೆ ಮುಂದುವರಿಯುವುದನ್ನೇ ಮುಖ್ಯವಾಗಿ ಕಲಿಸಬೇಕು. ಒಂದು ಪೆಟ್ಟು ಬಿಟ್ಟುಹೋಗುವುದಕ್ಕಿಂತ, ಬಿಟ್ಟುಹೋದದ್ದಕ್ಕೆ ಮುಖ ಸಿಂಡರಿಸಿ ಮುಂದಿನ ನಾಲ್ಕು ಪೆಟ್ಟು ಕೆಡಿಸಿಕೊಳ್ಳುವುದು ದೊಡ್ಡ ನಷ್ಟ. ಪಾದ ಮಾತ್ರ ನಿಲ್ಲಬಾರದು. ಪಾದ ನಡೆಯುತ್ತಿದ್ದರೆ ಕೈ ಮರಳಿ ಬರಲು ಜಾಗವಿರುತ್ತದೆ.

ಯಾವ ದಾರಿ ಯಾರಿಗೆ

ಅದೇ ಹಂಗಾಮಿನಲ್ಲಿ ಇನ್ನೊಂದು ದೊಡ್ಡ ಕೋರ್ ಪ್ರಯತ್ನಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕಾರಣ ಎಣಿಕೆಯಾಗಿದ್ದರೆ ಇದು ನಿಜಕ್ಕೂ ಒಳ್ಳೆಯದು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲೂ ಕೆಲವರು ಹಣ, ಕಾಲೇಜು, ಗಾಯದ ಕಾರಣಕ್ಕೆ ಹಿಂದೆ ಸರಿಯುತ್ತಾರೆ. ಜನವರಿಯಿಂದ ಮೇವರೆಗೂ ಕೋರ್‌ಗಳು ಖಾಲಿಯಾದ ಜಾಗಗಳನ್ನು ಪ್ರಕಟಿಸುತ್ತಲೇ ಇರುತ್ತವೆ. ಕೊನೆಯ ಸುತ್ತಿನವರೆಗೆ ಹೋದವರು ಕಣ್ಣಿಟ್ಟಿರಬೇಕು. ಕಾರಣ ಎದೆಯಾಗಿದ್ದರೆ ಮೂರು ವಾರದೊಳಗೆ ಇನ್ನೊಂದು ಕ್ಯಾಂಪಿಗೆ ಓಡುವುದು ಹುಣ್ಣಿನ ಮೇಲೆ ಬರೆ. ಕ್ಯಾಂಪಿನ ಶುಲ್ಕ, ಪ್ರಯಾಣ, ಹೋಟೆಲು ಮತ್ತೊಮ್ಮೆ. ಅದೇ ಅಳುಕೂ ಮತ್ತೊಮ್ಮೆ.

ಹಣದ ಮಾತನ್ನು ಮುಚ್ಚಿಡಬಾರದು. ದೊಡ್ಡ ಕೋರ್‌ನಲ್ಲಿ ಒಂದು ಬೇಸಿಗೆಗೆ ಐದು ಸಾವಿರ ಡಾಲರ್ ಆಸುಪಾಸಿನ ಶುಲ್ಕ ಸಾಮಾನ್ಯ, ವಿಮಾನದ ಖರ್ಚು ಬೇರೆ. ಮೇ ಮಧ್ಯದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಗು ಮನೆಯಲ್ಲಿರುವುದಿಲ್ಲ, ದುಡಿಮೆಯೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳು ಜೂನ್ ಆರಂಭದವರೆಗೆ ನಡೆಯುವುದರಿಂದ ಕೊನೆಯ ವರ್ಷದ ಪದವಿ ಸಮಾರಂಭದೊಂದಿಗೆ ಗುದ್ದಾಟವಾಗುತ್ತದೆ. ಆಯ್ಕೆಯಾಗದ ವರ್ಷದ ಒಂದು ಉಪಕಾರವೆಂದರೆ ಈ ಬದುಕು ನಮಗೆ ಬೇಕೇ ಎಂದು ಹತ್ತಿರದಿಂದ ನೋಡುವ ಬಿಡುವು. ಆ ಬೇಸಿಗೆ ನಾನು ಎರಡು ದಿನ ಒಂದು ಕೋರ್‌ನ ಅಡುಗೆ ಲಾರಿಯಲ್ಲಿ ಸ್ವಯಂಸೇವಕಿಯಾಗಿ ಈರುಳ್ಳಿ ಹೆಚ್ಚಿದೆ. ದಿನಕ್ಕೆ ನಾಲ್ಕು ಹೊತ್ತು ಊಟ. ಮಕ್ಕಳು ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಗಾಳಿಹಾಸಿಗೆ ಹಾಕಿ ಮಲಗುತ್ತಾರೆ, ಪ್ರದರ್ಶನ ಮುಗಿದ ರಾತ್ರಿ ಬಸ್ಸಿನಲ್ಲೇ ನಿದ್ದೆ. ಮಗಳನ್ನೂ ಕರೆದೊಯ್ದಿದ್ದೆ. ಅವಳ ಆಸೆ ಅಲ್ಲಿ ಹೆಚ್ಚಿತು. ಜೊತೆಗೆ ಬಂದಿದ್ದ ಇನ್ನೊಬ್ಬ ಹುಡುಗನಿಗೆ ಇದು ತನಗಲ್ಲವೆಂದು ಖಚಿತವಾಯಿತು. ಇಬ್ಬರಿಗೂ ಲಾಭವೇ.

ದೊಡ್ಡ ಕೋರ್‌ಗಳ ವರ್ಗ ವರ್ಲ್ಡ್ ಕ್ಲಾಸ್, ಚಿಕ್ಕವುಗಳದ್ದು ಓಪನ್ ಕ್ಲಾಸ್. ಓಪನ್ ಕ್ಲಾಸ್ ಕೋರ್‌ಗಳನ್ನು ನಮ್ಮವರು ಎರಡನೆಯ ದರ್ಜೆಯೆಂದು ಕೀಳಾಗಿ ನೋಡುವುದುಂಟು. ಇದು ತಪ್ಪು. ತಂಡ ಚಿಕ್ಕದು, ಪ್ರವಾಸ ಚಿಕ್ಕದು, ಶುಲ್ಕ ಕಡಿಮೆ, ಬೋಧಕರ ಕಣ್ಣು ಪ್ರತಿಯೊಬ್ಬರ ಮೇಲೂ. ಕಾಂಕರ್ಡ್‌ನ ಬ್ಲೂ ಡೆವಿಲ್ಸ್ ಬಿ, ಅಯೋವಾದ ಕೋಲ್ಟ್ ಕೆಡೆಟ್ಸ್ ಈ ಬಗೆಯವು. ಕಾರಣ ಕೈಯಾಗಿದ್ದು ಮಗುವಿಗೆ ಇನ್ನೂ ಹದಿನೈದು ಹದಿನಾರು ವರ್ಷವಾಗಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ದಿನಕ್ಕೆ ಹತ್ತು ಗಂಟೆ ಬಾರಿಸುವ ಒಂದು ಬೇಸಿಗೆ ಮಾಡುವ ಕೆಲಸವನ್ನು ಮನೆಯ ಪ್ಯಾಡ್ ಎರಡು ವರ್ಷದಲ್ಲೂ ಮಾಡದು.

ವಾದ್ಯ ಬದಲಿಸುವುದು ಇನ್ನೊಂದು. ಕಹಳೆಯಿಂದ ಮೆಲೊಫೋನ್‌ಗೋ ಬ್ಯಾರಿಟೋನ್‌ಗೋ ಹೋದವರಿಗೆ ಬಾಗಿಲು ತೆರೆದದ್ದನ್ನು ಕಂಡಿದ್ದೇನೆ. ತುಟಿ ಒಗ್ಗಲು ತಿಂಗಳುಗಳು ಬೇಕು, ಆದರೆ ಆಗುತ್ತದೆ. ಸ್ನೇರ್ ಸಿಗದವರು ಬಾಸ್‌ಗೆ ಹೋಗುವಾಗ ಮಾತ್ರ ಒಂದು ಎಚ್ಚರ. ಬಾಸ್ ಸುಲಭ ಎಂಬುದು ಹೊರಗಿನವರ ಕಲ್ಪನೆ. ಐದು ಡ್ರಮ್‌ಗಳಿಗೆ ಒಂದೇ ಸಾಲಿನ ಪೆಟ್ಟುಗಳನ್ನು ಹಂಚಿರುತ್ತಾರೆ. ನಿಮ್ಮ ಪಾಲಿಗೆ ನಡುವಿನ ಎರಡೇ ಪೆಟ್ಟು ಬಂದರೂ ಅವು ಕೂದಲೆಳೆಯಷ್ಟೂ ಆಚೀಚೆ ಆಗುವಂತಿಲ್ಲ. ಯಾರ ಕೈ ವೇಗ ಕಡಿಮೆಯಿದ್ದು ಕಾಲ ಗಟ್ಟಿಯಾಗಿದೆಯೋ ಅವರಿಗೆ ಬಾಸ್. ಕಾಲ ಓಡುವವರು ಅಲ್ಲಿ ಇನ್ನೂ ಬೇಗ ಸಿಕ್ಕಿಬೀಳುತ್ತಾರೆ.

ಎದೆಯ ಕಾರಣದವರಿಗೆ ನನ್ನ ಮೊದಲ ಆಯ್ಕೆ ಚಳಿಗಾಲದ ಒಳಾಂಗಣ ತಾಳವಾದ್ಯ ತಂಡ. ವ್ಯಾಯಾಮಶಾಲೆಯ ನೆಲದ ಮೇಲೆ ಚಿತ್ರ ಬಿಡಿಸಿದ ಹಾಸು ಹರಡಿ ಅದರ ಮೇಲೆ ಪ್ರದರ್ಶನ. ಇವುಗಳ ದೊಡ್ಡ ಸಂಸ್ಥೆ ಡಬ್ಲ್ಯುಜಿಐ (ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್). 1977ರಲ್ಲಿ ಕಲರ್ ಗಾರ್ಡ್‌ಗಾಗಿ ಹುಟ್ಟಿತು, ತಾಳವಾದ್ಯ 1990ರ ದಶಕದಲ್ಲಿ ಸೇರಿತು, ಅಂತಿಮ ಸ್ಪರ್ಧೆ ಏಪ್ರಿಲ್‌ನಲ್ಲಿ ಒಹಾಯೊದ ಡೇಟನ್‌ನಲ್ಲಿ. ಅಭ್ಯಾಸ ವಾರಾಂತ್ಯದಲ್ಲಿ, ರಾತ್ರಿ ಮಲಗುವುದು ಮನೆಯಲ್ಲಿ, ಶಾಲೆಯೂ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಫೆಬ್ರುವರಿಯಿಂದ ಕೆಲವು ವಾರಗಳಿಗೊಮ್ಮೆ ತೀರ್ಪುಗಾರರ ಮುಂದೆ ನಿಲ್ಲಬೇಕು. ಅವರು ಕೆಲವೇ ಅಡಿ ದೂರದಲ್ಲಿರುತ್ತಾರೆ. ಅಳುಕನ್ನು ಸವೆಸಲು ಇದಕ್ಕಿಂತ ಒಳ್ಳೆಯ ಸಾಣೆಕಲ್ಲು ನನಗೆ ಗೊತ್ತಿಲ್ಲ. ತೊಡಕೆಂದರೆ ಇವುಗಳ ಆಯ್ಕೆ ಶರತ್ಕಾಲದಲ್ಲೇ ಮುಗಿದಿರುತ್ತದೆ. ಆದರೂ ಕೇಳಬೇಕು. ಮಗಳಿಗೆ ಜನವರಿಯಲ್ಲಿ ಹತ್ತಿರದ ಒಂದು ತಂಡದಲ್ಲಿ ಬಾಸ್‌ನ ಜಾಗ ಖಾಲಿಯಾಗಿ ಸಿಕ್ಕಿತು. ಕಾಲ ಓಡುವವಳಿಗೆ ಬಾಸ್! ಮೊದಲ ತಿಂಗಳು ಅತ್ತಳು. ಏಪ್ರಿಲ್ ಹೊತ್ತಿಗೆ ಓಟ ನಿಂತಿತ್ತು.

ವಯಸ್ಸು 21 ಆಗಿದ್ದರೆ ಮೇಲೆ ಹೇಳಿದ ಕ್ರಮವೆಲ್ಲ ತಲೆಕೆಳಗು. ವರ್ಲ್ಡ್ ಕ್ಲಾಸ್, ಓಪನ್ ಕ್ಲಾಸ್ ಎರಡರಲ್ಲೂ ಜೂನ್ ಹೊತ್ತಿಗೆ 22 ತುಂಬಿದವರಿಗೆ ಅವಕಾಶವಿಲ್ಲ. ಕೊನೆಯ ವರ್ಷದಲ್ಲಿ ಆಯ್ಕೆಯಾಗದವರ ನೋವು ಹದಿನೇಳರ ನೋವಿನಂತಲ್ಲ. 'ಮುಂದಿನ ವರ್ಷ' ಎಂಬ ಮಾತೇ ಅವರಿಗೆ ಇಲ್ಲ. ಅಂಥವರು ಒಂದು ಕೋರ್‌ನ ಹೆಸರಿಗೆ ಜೋತುಬೀಳದೆ ಖಾಲಿ ಜಾಗವಿರುವ ಎಲ್ಲೆಡೆಗೂ, ಬೇರೆ ವಾದ್ಯಕ್ಕೂ ತಕ್ಷಣ ಪ್ರಯತ್ನಿಸಬೇಕು. ಯಾವುದೂ ಆಗದಿದ್ದರೆ ವಯಸ್ಸಿನ ಮೇಲ್ಮಿತಿ ಇಲ್ಲದ ಆಲ್ ಏಜ್ ಕೋರ್‌ಗಳಿವೆ. ಪೆನ್ಸಿಲ್ವೇನಿಯಾದ ರೆಡಿಂಗ್ ಬಕನೀರ್ಸ್, ನ್ಯೂ ಜರ್ಸಿಯ ಹಾಥಾರ್ನ್ ಕಬಲ್ಲೇರೋಸ್‌ನಂಥ ಹಳೆಯ ತಂಡಗಳು ಹಿಂದೆ ಬೇರೆ ಒಕ್ಕೂಟದಲ್ಲಿದ್ದವು, 2024ರ ಹಂಗಾಮಿನಿಂದ ಡ್ರಮ್ ಕೋರ್ ಇಂಟರ್‌ನ್ಯಾಷನಲ್‌ನ ಅಡಿಗೆ ಬಂದಿವೆ. ವಾರಾಂತ್ಯದ ಅಭ್ಯಾಸ, ವಾರದ ದಿನ ಉದ್ಯೋಗ. ಪೂರ್ವ ಕರಾವಳಿಯಲ್ಲಿರುವವರಿಗೆ ಇದು ಹೆಚ್ಚು ಅನುಕೂಲ.

ಏನೂ ಸೇರದೆ ಮನೆಯಲ್ಲೇ ಒಂದು ವರ್ಷ ಕಲಿಯುವುದೂ ಒಂದು ದಾರಿಯೇ, ವಾರಕ್ಕೊಮ್ಮೆ ತಿದ್ದುವ ಗುರುಗಳು ಇದ್ದರೆ ಮಾತ್ರ. ತಾಳವಾದ್ಯಗಾರರ ಸಂಸ್ಥೆಯಾದ ಪರ್ಕಸಿವ್ ಆರ್ಟ್ಸ್ ಸೊಸೈಟಿಯ 40 ಮೂಲಪಾಠಗಳನ್ನು ನಿಧಾನದಿಂದ ವೇಗಕ್ಕೆ, ವೇಗದಿಂದ ನಿಧಾನಕ್ಕೆ ಬಾರಿಸಲು ವರ್ಷ ದೊಡ್ಡದೇನಲ್ಲ. ಗುರುವಿಲ್ಲದಿದ್ದರೆ ಹಳೆಯ ತಪ್ಪೇ ಗಟ್ಟಿಯಾಗುತ್ತದೆ.

ಎರಡನೆಯ ಡಿಸೆಂಬರ್

ಮುಂದಿನ ವರ್ಷ ಅವಳು ಮತ್ತೆ ಅದೇ ಕೋರ್‌ಗೆ ಹೋದಳು, ಈ ಬಾರಿ ಸ್ನೇರ್ ಮತ್ತು ಬಾಸ್ ಎರಡಕ್ಕೂ ಹೆಸರು ಬರೆಸಿ. ಎರಡಕ್ಕೂ ಬರೆಸಬಹುದೇ ಎಂದು ಮೊದಲೇ ಪತ್ರ ಬರೆದು ಕೇಳಿಕೊಂಡಿದ್ದಳು. ದಾರಿಯಲ್ಲಿ ಇಕ್ಕೆಲದ ಬಾದಾಮಿ ತೋಟಗಳು ಎಲೆ ಉದುರಿಸಿ ನಿಂತಿದ್ದವು. ಹೋಗುವಾಗ ನಾನು ಬುದ್ಧಿಮಾತು ಹೇಳಲಿಲ್ಲ. ಬುತ್ತಿಗೆ ಚಿತ್ರಾನ್ನ ಕಟ್ಟಿದ್ದೆ, ಅವಳು ಅರ್ಧ ತಿಂದಳು. ಹಿಂದಿನ ವರ್ಷ ಅದನ್ನು ಮುಟ್ಟಿಯೂ ಇರಲಿಲ್ಲ.

ಭಾನುವಾರ ಸಂಜೆ ಐದಕ್ಕೆ ಕ್ಯಾಂಪ್ ಮುಗಿಯಿತು. ಕಾರು ಹತ್ತಿ ಬೆಲ್ಟು ಹಾಕಿಕೊಂಡವಳು ಮೊಬೈಲ್ ತೆಗೆದು ಸಿದ್ದಾಪುರಕ್ಕೆ ಫೋನ್ ಮಾಡಿದಳು. ಅಲ್ಲಿ ಸೋಮವಾರ ಬೆಳಗಿನ ಆರೂವರೆ. ಪತ್ರ ಬರಲು ಇನ್ನೂ ಎರಡು ಮೂರು ದಿನವಿತ್ತು. 'ಅಜ್ಜ, ಒಂದು ಪೆಟ್ಟು ತಪ್ಪಿತು' ಎಂದಳು, 'ಯಾವುದು ಅಂತ ಹೇಳುತ್ತೇನೆ, ಕೇಳಿ.' ಆಮೇಲೆ ಕಾರಿನ ಮುಂದಿನ ಫಲಕದ ಮೇಲೆ ಬೆರಳಿನಿಂದ ಬಾರಿಸತೊಡಗಿದಳು. ನಾನು ಗಾಡಿ ಶುರು ಮಾಡದೆ, ಆ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳಲೆಂದು ಕಿಟಕಿಯ ಗಾಜು ಏರಿಸಿದೆ.